ಪ್ರಾಯಶ್ಚಿತ್ತದ ಭಾನುವಾರ

"ಸೆಕ್ರೆಟರಿ ಅಂದ್ರೆ ನೀವೇನಾ?"

ಪೂಜೆ ಮುಗಿದ ಮೇಲೆ ಮೈಕಿನ ವಯರು ಸುತ್ತುತ್ತಿದ್ದ ಅವಳು ತಲೆಯೆತ್ತಿದಳು. ಎದುರಿಗೆ ಎತ್ತರದ ಹುಡುಗನೊಬ್ಬ ನಿಂತಿದ್ದ. ಕಣ್ಣು ಕೆಂಡವಾಗಿತ್ತು.

"ಹೌದು... ಹೇಳಿ?"

"ನನ್ನ ಅಮ್ಮ ಇನ್ನೂ ಬದುಕಿದ್ದಾಳೆ!"



ವಿಶ್ವವಿದ್ಯಾಲಯದ ಕಥೋಲಿಕ ವಿದ್ಯಾರ್ಥಿ ಸಂಘಕ್ಕೆ ಅವಳು ಕಾರ್ಯದರ್ಶಿ. ಹೇಳಿಕೊಳ್ಳಲು ದೊಡ್ಡ ಹುದ್ದೆ. ಕೆಲಸ ಮಾತ್ರ ಪ್ರಾರ್ಥನಾಲಯದ ಬೀಗ ತೆಗೆಯುವುದು, ಕುರ್ಚಿ ಜೋಡಿಸುವುದು, "ಮೀಟಿಂಗಿಗೆ ಬನ್ರೋ, ಬಿಸ್ಕತ್ತು ಇದೆ" ಎಂದು ಹಾಸ್ಟೆಲ್ ಹುಡುಗರನ್ನು ಗೋಗರೆಯುವುದು. ಬುಧವಾರದ ಪೂಜೆಯಲ್ಲಿ ವಿದ್ಯಾರ್ಥಿಗಳ ಕೋರಿಕೆಗಳನ್ನು ಓದುವುದೂ ಅವಳ ಪಾಲಿಗೇ. ಮೊದಲು ಕಾಯಿಲೆಯವರಿಗಾಗಿ, ಆಮೇಲೆ ತೀರಿಹೋದವರಿಗಾಗಿ.

ಅದು ನವೆಂಬರ್, ಕಥೋಲಿಕರು ಸತ್ತವರನ್ನು ನೆನೆಯುವ ತಿಂಗಳು. ಬಂದ ಕೋರಿಕೆಗಳೆಲ್ಲ ತೀರಿಹೋದ ಅಜ್ಜ, ಅಜ್ಜಿ, ಸೋದರತ್ತೆಯರದು. ಅವುಗಳ ನಡುವೆ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ತನ್ನ ತಾಯಿಗಾಗಿ ಕಳಿಸಿದ್ದೂ ಇತ್ತು. ಇದೂ ಅಂಥದ್ದೇ ಇರಬೇಕೆಂದುಕೊಂಡ ನಮ್ಮ ಹುಡುಗಿ, ಆ ತಾಯಿಗೆ ಮೈಕಿನಲ್ಲಿ, ಸತ್ತವರಿಗೆ ಬೇಡುವ ನಿತ್ಯ ವಿಶ್ರಾಂತಿಯನ್ನೇ ಬೇಡಿಬಿಟ್ಟಿದ್ದಳು. ಮಗ ಕೊನೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಿದ್ದ.

"ಕ್ಷಮಿಸಿ... ನಾನು ಬೇಕಂತ..."

"ಡಾಕ್ಟ್ರು ಕೈಚೆಲ್ಲಿದ್ರು. ದೇವರಾದ್ರೂ ಉಳಿಸ್ತಾನೇನೋ ಅಂತ ಆಸ್ಪತ್ರೆಯಿಂದ ಸೀದಾ ಇಲ್ಲಿಗೆ ಬಂದೆ. ನೀವು ಅವಳನ್ನ ಕಳಿಸೇ ಬಿಟ್ರಿ!"

ಅವನು ಹೊರಟುಹೋದ. ಅವಳಿಗೆ ಎರಡು ದಿನ ಅನ್ನ ಸೇರಲಿಲ್ಲ. ಶನಿವಾರ ಪ್ರಾರ್ಥನಾಲಯದ ಫಾದರ್ ಬಳಿ ಪಾಪನಿವೇದನೆಯಲ್ಲಿ ಎಲ್ಲ ಹೇಳಿಕೊಂಡು ಅತ್ತಳು. ಫಾದರ್ ಕೊಟ್ಟ ಪ್ರಾಯಶ್ಚಿತ್ತ ಸಣ್ಣದು: "ಒಂದು ಸಲ ಹೋಗಿ ಆ ತಾಯಿಯನ್ನ ನೋಡ್ಕೊಂಡು ಬಾ, ಮಗಳೇ."

ಭಾನುವಾರ ಆಸ್ಪತ್ರೆಗೆ ಹೋದಳು. ಹಾಸಿಗೆಯಲ್ಲಿದ್ದ ಹೆಂಗಸು ಒಂದು ಹಿಡಿಯಷ್ಟಾಗಿದ್ದಳು. ವರ್ಷಗಟ್ಟಲೆ ಹೊಲಿಗೆ ಅಂಗಡಿ ನಡೆಸಿದ್ದ ಟೈಲರಮ್ಮ.

"ಅಮ್ಮಾ... ನಿಮ್ಮನ್ನ ಸತ್ತವರ ಜೊತೆ ಸೇರಿಸಿದ್ದು ನಾನೇ. ಪ್ರಾಯಶ್ಚಿತ್ತಕ್ಕೆ ಬಂದಿದೀನಿ."

ಟೈಲರಮ್ಮ ಕೆಮ್ಮು ಬರುವಷ್ಟು ನಕ್ಕಳು. "ಎಲ್ರಿಗೂ ಸತ್ತ ಮೇಲೆ ಪ್ರಾರ್ಥನೆ. ನಂಗೆ ಅಡ್ವಾನ್ಸಾಗೇ ಬಂತಲ್ಲೇ! ಕೂತ್ಕೋ, ಆ ಕಿತ್ತಳೆ ಸುಲಿ. ಸತ್ತವಳ ಜೊತೆ ತಿನ್ನಕ್ಕೆ ಹೆದರಿಕೆ ಇಲ್ಲ ತಾನೇ?"

ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗ ನಗಲಿಲ್ಲ. ಪ್ರಾಯಶ್ಚಿತ್ತವೆಂಬ ಮಾತು ಅವನ ಕಿವಿಗೆ ಬಿದ್ದಿತ್ತು. 'ಓಹೋ, ಶಿಕ್ಷೆಗೆ ಬಂದವಳು...'

ಅಲ್ಲಿಗೆ ಅವಳ ಪಾಪ ತೀರಿತು. ಆದರೂ ಮುಂದಿನ ಭಾನುವಾರ ಹೋದಳು, ಅದರ ಮುಂದಿನದಕ್ಕೂ. ಟೈಲರಮ್ಮನ ತಲೆ ಬಾಚುವಳು, ಸಂಘದ ಜಗಳಗಳನ್ನೆಲ್ಲ ಹೇಳಿ ನಗಿಸುವಳು. ಮಗ ತಾಯಿಯ ಉಗುರು ಕತ್ತರಿಸುವಾಗ ನಾಲಿಗೆ ಕಚ್ಚಿಕೊಂಡು, ಪರೀಕ್ಷೆ ಬರೆಯುವವನಂತೆ ಕೂತಿರುತ್ತಿದ್ದ. ನಮ್ಮ ಹುಡುಗಿ ಸೋತದ್ದು ಅಲ್ಲೇ!

ಒಂದು ದಿನ ವಾರ್ಡಿನ ಹೊರಗೆ ಅವನೇ ಕೇಳಿದ.

"ಫಾದರ್ ಇನ್ನೆಷ್ಟು ವಾರ ಹಾಕಿದ್ದಾರೆ?"

"ಏನು?"

"ನಿಮ್ಮ ಶಿಕ್ಷೆ."

ನಿಜ ಹೇಳಬೇಕಿತ್ತು. ಹೇಳಿದರೆ, ಮತ್ತೆ ಯಾಕೆ ಬರುತ್ತೀರಿ ಎಂದು ಕೇಳುವುದು ಖಂಡಿತ. 'ಒಳಗೆ ತಾಯಿ ಉಸಿರಿಗೆ ಒದ್ದಾಡುತ್ತಿರುವಾಗ ಇವನ ಮುಂದೆ ಪ್ರೀತಿಯ ಮಾತಾ? ಛೀ...'

"ಇನ್ನೂ... ಇದೆ," ಎಂದಳು.

ಅವನ ಮುಖ ಕಪ್ಪಿಟ್ಟಿತು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿಗಳು ಪ್ರಾಣ ಹೋದರೂ ಹೊರಗೆ ಆಡುವಂತಿಲ್ಲ, ಹಾಗಾಗಿ ಫಾದರ್ ಬಾಯಿಂದಲೂ ಅವನಿಗೆ ಸತ್ಯ ತಿಳಿಯುವಂತಿರಲಿಲ್ಲ.

ಪವಾಡ ನಡೆಯಲಿಲ್ಲ. ಕಥೆಯಲ್ಲಾದರೂ ಆ ತಾಯಿಯನ್ನು ಉಳಿಸಬಾರದಿತ್ತೇ ಎಂದು ನೀವು ಕೇಳಬಹುದು. ನನಗೂ ಆಸೆಯಿತ್ತು. ಟೈಲರಮ್ಮ ಒಂದು ಬೆಳಿಗ್ಗೆ, ಮಗ ಹಾಲು ತರಲು ಹೋಗಿದ್ದಾಗ ತೀರಿಕೊಂಡಳು.

ಮಣ್ಣು ಮುಗಿಸಿ ಬಂದವರೆಲ್ಲ ಚದುರಿದರು. ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಉಳಿದವರು ಇಬ್ಬರೇ. ಜನ ಕೂರಲೆಂದು ಸಂಘದಿಂದ ತರಿಸಿದ್ದ ಕುರ್ಚಿಗಳನ್ನು ಸೆಕ್ರೆಟರಿ ಮಡಚಿಡುತ್ತಿದ್ದಳು.

"ನಿಮ್ಮ ಪ್ರಾಯಶ್ಚಿತ್ತ ಮುಗೀತಲ್ಲ," ಅವನೆಂದ. "ಇನ್ನು ಬರಬೇಕಾಗಿಲ್ಲ. ಉಪಕಾರ ಆಯ್ತು."

ಅವಳ ಕೈ ನಿಂತಿತು.

"ಅದು ಮೊದಲನೇ ಭಾನುವಾರವೇ ಮುಗಿದಿತ್ತು."

"ಅಂದ್ರೆ?"

"ಫಾದರ್ ಹೇಳಿದ್ದು ಒಂದೇ ಒಂದು ಸಲ ಹೋಗು ಅಂತ."

"ಅವತ್ತು ಇನ್ನೂ ಇದೆ ಅಂದ್ರಲ್ಲ!"

"ಸುಳ್ಳು ಹೇಳ್ದೆ... ನಿಮ್ಮನ್ನ ನೋಡಕ್ಕೆ ಬರ್ತೀನಿ ಅಂತ ಆ ವಾರ್ಡಿನ ಬಾಗಿಲಲ್ಲಿ ನಿಂತು ಹೇಗೆ ಹೇಳ್ಲಿ?"

ಮಡಚದೆ ಉಳಿದಿದ್ದ ಕುರ್ಚಿಯೊಂದರಲ್ಲಿ ಅವನು ಕೂತ.

"ಅಮ್ಮನಿಗೆ ಗೊತ್ತಿತ್ತಾ?"

"'ನನ್ನ ಮಗ ಪೆದ್ದ, ನೀನೇ ಬಾಯಿ ಬಿಡ್ಬೇಕು' ಅಂದಿದ್ರು."

ಬೆಳಗಿನಿಂದ ಕಲ್ಲಿನಂತಿದ್ದವನು ಆಗ ಅತ್ತ. ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು.

"ಶಿಕ್ಷೆಗೆ ಬರ್ತಿದೀರ ಅಂತ ಗೊತ್ತಿದ್ರೂ ಭಾನುವಾರ ಕಾಯ್ತಿದ್ದೆ," ಎಂದ. "ಅಮ್ಮ ಅಲ್ಲಿ ನರಳ್ತಿರುವಾಗ! ನನ್ನ ಮೇಲೆ ನನಗೇ ಅಸಹ್ಯ ಆಗ್ತಿತ್ತು."

"ನನಗೂ..."

"ಈಗ ಹೇಳಿ ಏನುಪಯೋಗ? ನಾಳೆ ಅಕ್ಕನ ಊರಿಗೆ ಹೊರಟೆ. ಓದು ಮುಂದುವರಿಸೋ ಶಕ್ತಿ ಇಲ್ಲ. ವಾಪಸ್ ಬರ್ತೀನೋ ಇಲ್ವೋ ಗೊತ್ತಿಲ್ಲ. ಕಾಯ್ತಿರು ಅಂತ ಕೇಳೋ ಯೋಗ್ಯತೆನೂ ನಂಗಿಲ್ಲ."

"ಕೇಳ್ಬೇಡಿ."

ಹೊರಗೆ ಕುರ್ಚಿ ಒಯ್ಯಲು ಬಂದ ಗಾಡಿಯವನು ಹಾರ್ನ್ ಹೊಡೆದ. ಅವಳು ಮಡಚಿದ್ದ ಕುರ್ಚಿಯೊಂದನ್ನು ಮತ್ತೆ ಬಿಡಿಸಿ, ಅವನ ಪಕ್ಕದಲ್ಲೇ ಕೂತಳು.

"ಬಸ್ಸು ಎಷ್ಟೊತ್ತಿಗೆ?"

"ಬೆಳಿಗ್ಗೆ." ಅವನು ಅವಳ ಬೆರಳುಗಳನ್ನು ಹಿಡಿದುಕೊಂಡ. "ನೀನು ಬರಬೇಡ. ನಿನ್ನ ನೋಡಿದ್ರೆ ನಂಗೆ ಹತ್ತಕ್ಕಾಗಲ್ಲ."

"ಅದಕ್ಕೇ ಬರ್ತೀನಿ," ಎಂದಳು.