ಒಂದು ಬೀಜವನ್ನೂ ಕೊಡೆನು

"ಪ್ರಭಾ... ಸೆರಗೊಡ್ಡಿ ಕೇಣ್ತೆ. ಹತ್ತ್ ಲೋಡ್ ಬೀಜ ಕೊಡ್ ಮಗಾ! ಫ್ಯಾಕ್ಟ್ರಿ ಬಾಗ್ಲ್ ಹಾಕಿ ಹದ್ನೈದ್ ದಿನ ಆಯ್ತ್!"

ಗುಲ್ವಾಡಿಯ ಹೊಳೆ ಬದಿಯ, ಸೊಸೆಯ ತವರುಮನೆಯ ಜಗಲಿಯಲ್ಲಿ ಚಂದ್ರಾವತಿಯಮ್ಮ ನಿಜಕ್ಕೂ ಸೆರಗು ಒಡ್ಡಿ ನಿಂತಿದ್ದರು. ಹೆಮ್ಮಾಡಿಯ ಗೇರುಬೀಜದ ಕಾರ್ಖಾನೆಯ ಯಜಮಾನ, ಅವರ ಹಿರಿಯ ಮಗ ವೆಂಕಟ, ಚಪ್ಪಲಿ ಕಳಚದೆ ಅಂಗಳದಲ್ಲೇ ತಲೆ ತಗ್ಗಿಸಿದ್ದ. ಕಿರಿಯ ಸೊಸೆ ಪ್ರಭಾವತಿ ಬಾಗಿಲಿಗೆ ಒರಗಿ ಇಬ್ಬರನ್ನೂ ನೋಡಿದಳು. ಕುಳಿತುಕೊಳ್ಳಿ ಎನ್ನಲಿಲ್ಲ. ಈ ಗಳಿಗೆಗಾಗಿ ಅವಳು ಏಳು ವರ್ಷ ಕಾದಿದ್ದಳು!

"ಆತಿಲ್ಲ ಅತ್ತೆ. ಗೋದಾಮ್ ತುಂಬಾ ಬೀಜ ಇತ್ತ್. ನಿಮ್ಗೆ ಒಂದ್ ಬೀಜವೂ ಕೊಡುದಿಲ್ಲ."

ಏಳು ವರ್ಷದ ಹಿಂದೆ ನೆದರ್‌ಲ್ಯಾಂಡ್ಸ್‌ನ ವ್ಯಾಪಾರಿಯೊಬ್ಬ ಹೆಮ್ಮಾಡಿಯ ಗೋಡಂಬಿಯನ್ನು ಕಣ್ಣು ಮುಚ್ಚಿ ಕೊಳ್ಳುತ್ತಿದ್ದ. ಒಂದು ಸಲ, ಊರಿನ ಬೀಜವೆಂದು ಕಳಿಸಿದ ಕಂಟೇನರಿನಲ್ಲಿ ಆಫ್ರಿಕಾದಿಂದ ತರಿಸಿ ವರ್ಷ ಕಳೆದಿದ್ದ, ಹುಳು ಹಿಡಿದ ಸರಕು ಬೆರೆತಿತ್ತು. ಕಂಟೇನರು ತಿರುಗಿ ಬಂತು. ತಪ್ಪು ಮಾಡಿದವನನ್ನು ತೆಗೆದುಹಾಕದಿದ್ದರೆ ವ್ಯಾಪಾರವಿಲ್ಲ ಎಂದು ಅವನು ಬರೆದ. ಗುಣಮಟ್ಟ ನೋಡುತ್ತಿದ್ದವನು ಪ್ರಭಾವತಿಯ ಗಂಡ ರವಿರಾಜ್. ಸಿಪ್ಪೆ ಸುಲಿಯುವ ಎಪ್ಪತ್ತು ಹೆಂಗಸರ ಎದುರು ನಿಂತು ಅವನು "ಬೆರ್ಸಿದವ ನಾನೇ" ಎಂದುಬಿಟ್ಟ! ಪ್ರಭಾವತಿಗೆ ಭೂಮಿ ಬಾಯಿ ಬಿಟ್ಟಂತಾಗಿತ್ತು. ಒಂದು ಕಪ್ಪು ಚುಕ್ಕೆಯ ಗೋಡಂಬಿ ಕಂಡರೂ ಇಡೀ ಡಬ್ಬಿ ಸುರಿದು ಮತ್ತೆ ಆರಿಸುವ ಗಂಡ ಹೀಗೆ ಮಾಡಿಯಾನೇ? "ಸುಳ್ಳ್! ಗೋದಾಮಿನ ಕೀಲಿಕೈ ಬಾವನ ಹತ್ರ ಇತ್ತ್!" ಎಂದು ಅವಳು ಕೂಗಾಡಿದಾಗ ಚಂದ್ರಾವತಿಯಮ್ಮ ಅವಳ ಬಟ್ಟೆಬರೆಯನ್ನು ಅಂಗಳಕ್ಕೆ ಎಸೆದಿದ್ದರು. "ಮನೆ ಮರ್ಯಾದಿ ತೆಗೂಕೆ ಬಂದೋಳ್! ಹೊರ್ಗೆ ನಡಿ!"

ರವಿರಾಜ್ ಮುಂಬೈಗೆ ಹೋಗಿ ಯಾರದೋ ಹೋಟೆಲಿನ ಗಲ್ಲಾದಲ್ಲಿ ಕುಳಿತ. ವರ್ಷಕ್ಕೊಮ್ಮೆ ಗುಲ್ವಾಡಿಗೆ ಬಂದಾಗ ಅವಳು ಎಷ್ಟು ಕೇಳಿದರೂ ಉತ್ತರ ಒಂದೇ: "ತಪ್ಪ್ ನಂದೇ, ಬಿಡ್." ಅವಳು ಬಿಡಲಿಲ್ಲ... ತವರಿನ ಹಿತ್ತಿಲಲ್ಲಿ ಆರು ಹೆಂಗಸರೊಡನೆ ಬೀಜ ಸುಲಿಯಲು ಕೂತಳು.

ವಿಯೆಟ್ನಾಮಿನ ಯಂತ್ರಗಳ ಎದುರು ಅಗ್ಗದ ಮಾಲಿನಲ್ಲಿ ಗೆಲ್ಲಲಾಗದೆಂದು ಅವಳಿಗೆ ಗೊತ್ತಿತ್ತು. ವೆಂಕಟ ಅದೇ ಪೈಪೋಟಿಗೆ ಬಿದ್ದು ಹಡಗಿನಲ್ಲಿ ಬರುವ ಬೀಜವನ್ನೇ ನಂಬಿದ್ದ. ಅವಳು ಯಾರಿಂದಲೂ ನಕಲು ಮಾಡಲಾಗದ್ದನ್ನು ಹಿಡಿದಳು: ಊರಿನ ಬೀಜ. ಡಬ್ಬಿಯ ಮೇಲೆ ಅದು ಬೆಳೆದ ಹಳ್ಳಿಯ ಹೆಸರು. ನೆದರ್‌ಲ್ಯಾಂಡ್ಸ್‌ನ ಅದೇ ವ್ಯಾಪಾರಿಗೆ ಮೂರು ಸಲ ಮಾದರಿ ಕಳಿಸಿದಳು, ಉತ್ತರವಿಲ್ಲ. ನಾಲ್ಕನೆಯ ಸಲ ಅವನೇ ಗುಲ್ವಾಡಿಗೆ ಬಂದು ಸರಕು ಒಪ್ಪಿಕೊಂಡ. ಆಮೇಲೆ ಅವಳು ನಿಲ್ಲಲಿಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಗೇರುಮರ ಹೂ ಬಿಡುವ ಮೊದಲೇ ಬೆಳೆಗಾರರೊಂದಿಗೆ ಕರಾರು ಮಾಡಿಕೊಂಡಳು. ತನಗೆ ಬೇಕಾದ್ದಕ್ಕಿಂತ ಮೂರು ಪಾಲು ಹೆಚ್ಚು! ಅದು ವ್ಯಾಪಾರವಲ್ಲ, ಹಗೆ. ಈ ವರ್ಷ ಆಫ್ರಿಕಾದ ದೇಶವೊಂದು ಸುಲಿಯದ ಬೀಜವನ್ನು ದೇಶದ ಹೊರಗೆ ಬಿಡುವುದಿಲ್ಲ ಎಂದಿತು. ವೆಂಕಟನ ಹಡಗು ಬರಲಿಲ್ಲ. ಊರಲ್ಲಿ ಹುಡುಕಿದರೆ ಬೀಜವೆಲ್ಲ ಪ್ರಭಾವತಿಯದು.

"ಎಂತ ಮಾಡ್ರೆ ಕೊಡ್ತೆ? ಅದನ್ನಾರೂ ಹೇಳ್," ಎಂದ ವೆಂಕಟ ಅಂಗಳದಿಂದಲೇ.

"ನಿಮ್ಮ್ ತಮ್ಮ ನಿಂತಲ್ಲೇ ನಿಂತ್ಕಣಿ ಬಾವ. ಅದೇ ಹೆಂಗ್ಸ್ರ ಎದ್ರಿಗೆ ಸತ್ಯ ಹೇಳಿ."

ಮರುದಿನ ಬೆಳಿಗ್ಗೆ ಮುಚ್ಚಿದ ಕಾರ್ಖಾನೆಯ ಮುಂದೆ ಹೆಂಗಸರು ಸೇರಿದರು; ಚಂದ್ರಾವತಿಯಮ್ಮನೂ ಬಂದಿದ್ದರು. ಪ್ರಭಾವತಿ ಮುಂಬೈಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಕೈಯಲ್ಲಿ ಹಿಡಿದಳು. ವೆಂಕಟ ಹೆಂಗಸರ ಎದುರು ಬಂದು ನಿಂತ. "ಹಳೇ ಬೀಜ ಬೆರ್ಸಿದವ... ನಾನ್. ರವಿ ಅಲ್ಲ." ಹಿರಿಯ ಕೆಲಸಗಾರ್ತಿ ಸರೋಜ "ಅಯ್ಯೋ ದೇವ್ರೇ!" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಪ್ರಭಾವತಿಯ ಎದೆಯಲ್ಲಿ ಏಳು ವರ್ಷದ ಕೆಂಡ ಧಗ್ಗೆಂದಿತು. ಕೇಳಿದಿರಾ? ಲೋಕವೆಲ್ಲ ಕೇಳಿತೇ?

ಆಗ ಫೋನಿನಿಂದ ರವಿರಾಜನ ದಣಿದ ಧ್ವನಿ ಬಂತು. "ಅಣ್ಣನ ಬಾಯಲ್ಲಿ ಯಾಕ್ ಹೇಳ್ಸ್ದೆ ಪ್ರಭಾ? ನಂಗೆ ಅವತ್ತೇ ಗೊತ್ತಿತ್ತ್. ಅಮ್ಮ ನನ್ನ ಕಾಲ್ ಹಿಡ್ದಿರ್... ಲೈಸೆನ್ಸ್ ಅಣ್ಣನ ಹೆಸ್ರಲ್ಲಿತ್ತ್. ಅವ ಹೋದ್ರೆ ಫ್ಯಾಕ್ಟ್ರಿಯೇ ಮುಚ್ತಿತ್ತ್. ಅಷ್ಟ್ ಹೆಂಗ್ಸ್ರ್ ಎಲ್ಲಿಗ್ ಹೋಪ್ದ್?"

ಅವಳು ಫೋನನ್ನು ಬಾಯಿಯ ಹತ್ತಿರ ತಂದಳು. "ನನ್ನತ್ರ ಒಂದ್ ಮಾತ್ ಹೇಳುಕೆ ಆಯ್ಲಿಲ್ಯಾ?"

"ಹೇಳಿದ್ರೆ ನೀ ಸುಮ್ನಿರ್ತಿದ್ಯಾ?"

ಅವಳು ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. "ನನ್ನ ಬಟ್ಟೆ ಅಂಗಳಕ್ಕೆ ಬಿಸಾಡುವಾಗ್ಳೂ... ನಿಮ್ಗೆ ಗೊತ್ತಿತ್ತಾ?"

ಚಂದ್ರಾವತಿಯಮ್ಮ ಕುಸಿದು ಕುಳಿತರು. "ಗೊತ್ತಿತ್ತ್ ಮಗಾ... ನಿನ್ ಬಾಯಿ ಮುಚ್ಚೂಕೆ ಬೇರೆ ದಾರಿ ಕಾಣ್ಲಿಲ್ಲ... ನನ್ನ ಕ್ಷಮಿಸ್!"

"ಬೀಜ ಕೊಡ್ತೆ ಅತ್ತೆ. ಕ್ಷಮೆ ಒಂದ್ ಕೇಣ್ಬೇಡಿ. ಕೊಡುಕೆ ನನ್ನತ್ರ ಇಲ್ಲ!"

ಅವಳ ಷರತ್ತುಗಳಲ್ಲಿ ಕರುಣೆಯಿರಲಿಲ್ಲ. ಕಾರ್ಖಾನೆ ರವಿರಾಜನ ಹೆಸರಿಗೆ. ವೆಂಕಟ ಅಂಗಳದಲ್ಲಿ ನಿಂತು ಬೀಜ ಒಣಗಿಸಬೇಕು, ಆಫೀಸಿನೊಳಗೆ ಕಾಲಿಡುವಂತಿಲ್ಲ. ಹೆಂಗಸರಿಗೆ ಅಂದೇ ಮಧ್ಯಾಹ್ನದಿಂದ ಕೆಲಸ ಸಿಗಬೇಕು. ವೆಂಕಟ ಸಹಿ ಹಾಕಿದ. ಲಾರಿಗಳು ಬಂದವು, ಕಾರ್ಖಾನೆಯ ಕೊಳವೆ ಹೊಗೆ ಉಗುಳತೊಡಗಿತು. ಗೆದ್ದ ಪ್ರಭಾವತಿಗೆ ಮಾತ್ರ ಊಟ ಸೇರಲಿಲ್ಲ. ಅವಳ ಹಗೆಗೆ ಈಗ ಗಂಡನೂ ಸಿಕ್ಕಿದ್ದ.

ವಾರದ ನಂತರ ರವಿರಾಜ್ ಕುಂದಾಪುರ ಸ್ಟೇಷನ್ನಿನಲ್ಲಿ ಇಳಿದ. ಕಿವಿಯ ಬಳಿ ಕೂದಲು ನರೆತಿತ್ತು. ಕಾಯುತ್ತಿದ್ದ ಪ್ರಭಾವತಿಯ ಎದುರು ಚೀಲ ಇಳಿಸಿ ಅವನೆಂದ, "ನೀ ಗೆದ್ದೆ ಪ್ರಭಾ. ಅಮ್ಮನಿಗೆ ಕೊಟ್ಟ ಮಾತ್ ನಂಗೆ ಉಳ್ಸ್ಕಂಬುಕೆ ಆಯ್ಲಿಲ್ಲ."

"ಮದ್ವೆ ದಿನ ನಂಗೂ ಒಂದ್ ಮಾತ್ ಕೊಟ್ಟಿದ್ರಿ. ಏಳ್ ವರ್ಷ ಅದ್ ಎಲ್ಲಿತ್ತ್?"

ಅವನ ಕಣ್ಣು ತುಂಬಿ ಬಂತು. ಆಟೋದವನು ಎಲ್ಲಿಗೆ ಎಂದು ಕೇಳಿದ. "ಅವ್ಳ್ ಹೇಳ್ದಲ್ಲಿಗೆ," ಎಂದ ರವಿರಾಜ್. ಅವಳು ಗುಲ್ವಾಡಿ ಎಂದಳು.

ಹೆಮ್ಮಾಡಿಯ ಮನೆಯಲ್ಲಿ ಚಂದ್ರಾವತಿಯಮ್ಮ ಮಗನಿಗಿಷ್ಟದ ಅಡುಗೆ ಮಾಡಿ, ಬಾಗಿಲು ತೆರೆದಿಟ್ಟು ಕಾದರು. ಮಗ ಹೆಮ್ಮಾಡಿಗೆ ಬಂದದ್ದು ಮರುದಿನ ಬೆಳಿಗ್ಗೆ... ಮನೆಗಲ್ಲ, ಕಾರ್ಖಾನೆಗೆ.