ಬನದ ಕಲ್ಲು, ಬುಟ್ಟಿಯ ಮೊಟ್ಟೆ

“ಬನದ ಕಲ್ಲು ಮುಟ್ಬೇಡಿ ರೈಟ್ರೆ,” ಅಂದರು ನಂಜಮ್ಮನವರು. “ಮಂತ್ರ ಹಾಕಿ ಜನರ ಗಂಟಲುಗಡ್ಡೆ ಇಳಿಸಿ ಒಳಗೆ ಕಟ್ಟಿಹಾಕಿದ ಕಲ್ಲು ಅವು. ಮುಟ್ಟಿದೋರ ಗಂಟಲಿಗೇ ಬರ್ತದೆ.”

ತೋಟದ ಒಡತಿಯ ಮಾತು. ಎದುರಿಗೆ ತಲೆಯಾಡಿಸಿದ ರೇವಣ್ಣ, ಅವರ ಜೀಪು ತಿರುವು ದಾಟುವ ಮೊದಲೇ ನಕ್ಕ. ಆ ನಗು ದೇವರಮನೆ ಗುಡ್ಡಕ್ಕೆ ಬಡಿದು ವಾಪಸು ಬಂದು ಬಾಳೂರಿನ ಅಷ್ಟೂ ನಾಯಿಗಳನ್ನು ಎಬ್ಬಿಸಿತು ಅಂದರೆ ನೀವು ನಂಬಲೇಬೇಕು. ಬಯಲುಸೀಮೆಯಿಂದ ತೋಟದ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಬಂದ ಈ ಮನುಷ್ಯ ಒಂದು ಕಾಫಿ ಕೊಯ್ಲನ್ನೂ ಪೂರ್ತಿ ಕಂಡಿರಲಿಲ್ಲ. ಅವನು ಸಾಕಿದ್ದ ಗಿರಿರಾಜ ಕೋಳಿಗಳಂತೂ ಒಂದೊಂದು ಕರುವಿನಷ್ಟು. ಅವು ಇಟ್ಟ ಮೊಟ್ಟೆಯನ್ನೆಲ್ಲ ಒಂದು ನಾಗರಹಾವು ನುಂಗಿ ಹೋಗುತ್ತಿತ್ತು.

ರೇವಣ್ಣ ನೇರ ನಾಗಬನಕ್ಕೆ ನಡೆದ. ಕುಂಕುಮ ಮೆತ್ತಿದ ಗುಂಡುಕಲ್ಲುಗಳಲ್ಲಿ ಮೊಟ್ಟೆಯಂಥದೊಂದನ್ನು ಆರಿಸಿ, ಪಂಚೆಗೆ ತಿಕ್ಕಿ ಒರೆಸಿ, ತಂದು ಬಿದಿರಿನ ಗೂಡಿನೊಳಗಿನ ಕೋಳಿಬುಟ್ಟಿಯಲ್ಲಿಟ್ಟ. ನುಂಗಲಿ. ನುಂಗಿ ಸಾಯಲಿ.

ಬೆಳಗ್ಗೆ ಹುಂಜ ಕೂಗಲಿಲ್ಲ. ಕಾಫಿ ಸಿಪ್ಪೆಯ ಹುಳಿ ನಾತವನ್ನೂ ಮೀರಿ, ಕೊಳೆತ ಕೇದಗೆಯಂಥ ವಾಸನೆ ಗೂಡಿನ ಸುತ್ತ ಕವಿದಿತ್ತು. ಹಾವಿನ ತಲೆ ಹೊರಗೆ, ಮೈ ಒಳಗೆ. ನುಂಗಿದ ಕಲ್ಲು ಕುತ್ತಿಗೆಯಲ್ಲಿ ಗಂಟಾಗಿ ಬಿದಿರಿನ ಸಂದಿಗೆ ಸಿಕ್ಕಿಕೊಂಡಿತ್ತು. ಹೆಡೆ ಬಿಚ್ಚಲಾರದೆ ಅದು ಅವನನ್ನೇ ನೋಡಿತು.

ಕೊಯ್ಲಿನ ಹೆಂಗಸರು ಕೈಮುಗಿದು ಹಿಂದೆ ಸರಿದರು. ಯಾರೋ ನಂಜಮ್ಮನವರನ್ನು ಕರೆಯಲು ಓಡಿದರು. ರೇವಣ್ಣ ಮಾತ್ರ ಗೂಡಿನೆದುರು ಮಣೆ ಹಾಕಿ ಕೂತು, ಹಾವಿನ ಬಾಯಿಗೆ ಸಿಗದೆ ಉಳಿದ ಮೊಟ್ಟೆಯೊಂದನ್ನು ಬೇಯಿಸಿ ತಂದು ಸುಲಿದು, ಉಪ್ಪು ಮೆಣಸು ಉದುರಿಸಿದ.

“ನುಂಗೋದು ಹೆಂಗೆ ಅಂತ ನಾನು ಕಲಿಸ್ತೀನಿ ನೋಡು, ಮಾರಾಯ.”

ಇಡೀ ಮೊಟ್ಟೆ ಬಾಯಿಗೆ ಹಾಕಿದ.

ಇಳಿಯಲಿಲ್ಲ.

ಹಾವು ಬಾಯಿ ತೆರೆಯಿತು. ಅವನ ಬಾಯೂ ತೆರೆಯಿತು. ಉಸಿರಿಲ್ಲ. ಹಾವು ಹೊರಳಿತು. ಅವನ ಬೆನ್ನು ಹೊರಳಿತು. ಕಣ್ಣಿಗೆ ಕತ್ತಲೆ. ಕಿವಿಯೊಳಗೆ ಬುಸ್ಸೆಂಬ ಸದ್ದು. ಹಾವಿನದೋ? ತನ್ನದೋ? ಕುತ್ತಿಗೆಗೆ ಬಿದಿರು ಬಿಗಿಯಿತು. ಅಲ್ಲಿ ಬಿದಿರಿರಲಿಲ್ಲ.

ಜೀಪು ನಿಂತದ್ದು ಅವನಿಗೆ ಕೇಳಲಿಲ್ಲ. ನಂಜಮ್ಮನವರು ಕತ್ತಿ ಹಿಡಿದು ಓಡಿಬಂದು ಬಿದಿರಿನ ದಬ್ಬೆ ಸೀಳಿದರು. ಹಾವು ಜಾರಿತು, ಕತ್ತು ಚಾಚಿ ಕಕ್ಕಿತು, ಕಾಫಿ ಗಿಡಗಳ ಸಂದಿಯಲ್ಲಿ ಮಾಯವಾಯಿತು. ಬೆಳ್ಳಗೆ, ಗುಂಡಗೆ ಏನೋ ತರಗೆಲೆಯ ಮೇಲೆ ಉರುಳಿತು.

ಅದೇ ಗಳಿಗೆಗೆ ರೇವಣ್ಣನಿಗೆ ಉಸಿರು ಬಂತು. ಕುದುರೆಮುಖದ ಗಾಳಿಯನ್ನೆಲ್ಲ ಒಂದೇ ಸಲ ಎಳೆದುಕೊಂಡ.

“ಇಳೀತು ಅಮ್ಮಾವ್ರೆ,” ಅಂದ. ನಗಲೂ ನೋಡಿದ.

ಅದು ಬನದ ಕಲ್ಲೇ ಇರಬೇಕೆಂದು, ಮರಳಿಸಲು ನಂಜಮ್ಮನವರು ಬಗ್ಗಿದರು. ಚಾಚಿದ ಕೈ ಅಲ್ಲೇ ನಿಂತಿತು.

“ರೈಟ್ರೆ,” ಅಂದರು ಮೆಲ್ಲಗೆ, “ಇದರ ಮೇಲೆ ಉಪ್ಪು ಮೆಣಸು ಯಾಕಿದೆ?”

ಸುಲಿದ ಮೊಟ್ಟೆ. ಇನ್ನೂ ಹಬೆಯಾಡುತ್ತಿತ್ತು.

ರೇವಣ್ಣ ಗಂಟಲು ಮುಟ್ಟಿಕೊಂಡ. ಚರ್ಮದ ಕೆಳಗೆ ಏನೋ ತಣ್ಣಗೆ, ಗಟ್ಟಿಯಾಗಿ ಕೂತಿತ್ತು. ಕೈ ತೆಗೆದು ನೋಡಿದ. ಬೆರಳಿಗೆ ಕುಂಕುಮ ಅಂಟಿತ್ತು.