ಎಡಗಡೆ ಚಕ್ರದ ಸದ್ದು

ಲೈಲ್ ಮೂರನೆಯ ಸಲ ಅದೇ ದೂರು ಹೊತ್ತು ಬಂದಾಗ ನಾನು ಅವನ ಮುಖ ನೋಡಲಿಲ್ಲ, ಕಾರಿನ ಮೂತಿ ನೋಡಿದೆ. ಅರವತ್ನಾಲ್ಕರ ಇಂಪಾಲ, ತಿಳಿನೀಲಿ. ಎಡಗಡೆ ಬಲಗಡೆಗಿಂತ ಒಂದು ಬೆರಳಷ್ಟು ಎತ್ತರಕ್ಕೆ ನಿಂತಿತ್ತು. ಮತ್ತೆ ಅದೇ ತೊಂದರೆ ಎಂದು ನೋಡಿದ ಕೂಡಲೇ ಗೊತ್ತಾಯಿತು.

"ಮತ್ತೆ ಸದ್ದು ಬರ್ತಿದೆ, ಬರ್ನಿ," ಎಂದ. ಕೈಯಲ್ಲಿ ಎಂದಿನಂತೆ ಬಿಸಿ ಡೋನಟ್‌ಗಳ ಕಾಗದದ ಚೀಲ.

"ಅದೇ ಕಡೇನಾ?"

"ಅದೇ ಕಡೆ. ಕಿರ್ರ್ ಅಂತ. ಹೋದ ಸಲಕ್ಕಿಂತ ಶ್ರುತಿ ಸ್ವಲ್ಪ ಮೇಲಿದೆ."

ಪಿಯಾನೊ ಶ್ರುತಿ ಮಾಡುವುದು ಅವನ ಕಸುಬು. ನಮ್ಮೂರು ಅಲ್ಪೀನಾದ ಚರ್ಚು, ಶಾಲೆಗಳ ಪಿಯಾನೊಗಳೆಲ್ಲ ಅವನ ಕಿವಿಯನ್ನೇ ನಂಬಿಕೊಂಡಿವೆ. ಅಂಥವನು ಸದ್ದು ಇದೆ ಎಂದರೆ ಇದೆ. ನಾನು ಬರ್ನಡೆಟ್, ಹಳೇ ಕಾರುಗಳ ಮುಂಭಾಗ ರಿಪೇರಿ ಮಾಡುವವಳು. ಅಪ್ಪ ಗ್ಯಾರೇಜನ್ನು ನನ್ನ ಕೈಗಿಟ್ಟು ಫ್ಲೋರಿಡಾದ ಬಿಸಿಲಿಗೆ ಹೋದಾಗ ಊರಿನ ಗಂಡಸರು ಆರು ತಿಂಗಳು ಹಲ್ಲು ಕಿರಿದರು. ಆಮೇಲೆ ಒಬ್ಬೊಬ್ಬರೇ ಗಾಡಿ ತಂದು ನಿಲ್ಲಿಸಿದರು. ನಾನು ಮುಟ್ಟಿದ ಗಾಡಿ ಅದೇ ದೂರಿಗೆ ವಾಪಸ್ ಬರುವುದಿಲ್ಲ ಎಂಬ ಮಾತು ಹಬ್ಬಿತು. ಹನ್ನೊಂದು ವರ್ಷ ಆ ಮಾತು ಉಳಿಯಿತು, ಈ ನೀಲಿ ಕಾರು ಬರುವವರೆಗೆ.

ಆಗಸ್ಟಿನಲ್ಲಿ ಅದು ಮೊದಲು ಬಂದಾಗ ಮುಂಭಾಗದಲ್ಲಿ ನೆಟ್ಟಗಿದ್ದದ್ದು ಒಂದೂ ಇರಲಿಲ್ಲ. ಬಾಲ್ ಜಾಯಿಂಟ್ ಗಡಗಡ, ಚಕ್ರದ ತೋಳು ಕೂರುವ ಬುಷ್‌ಗಳ ರಬ್ಬರ್ ಪುಡಿಪುಡಿ, ಸ್ಪ್ರಿಂಗ್ ಸೋತು ಕೂತಿತ್ತು. ಎಲ್ಲ ಬಿಚ್ಚಿ ಹೊಸದು ಹಾಕಲು ನಾಲ್ಕು ಶನಿವಾರ ಹಿಡಿಯಿತು. ಲೈಲ್ ಮೊದಲು ಸುಮ್ಮನೆ ನೋಡುತ್ತೇನೆಂದು ಕೂತ. ಆಮೇಲೆ ಸ್ಪ್ಯಾನರ್ ಎತ್ತಿಕೊಡತೊಡಗಿದ. ಮೂರನೆಯ ಶನಿವಾರದ ಹೊತ್ತಿಗೆ ಅವನ ಉದ್ದ ಬೆರಳುಗಳಿಗೂ ನನ್ನಷ್ಟೇ ಮಸಿ.

"ಬುಷ್ ಹಿಡಿದಿರೋ ಈ ನಟ್ ಈಗಲೇ ಬಿಗಿ ಮಾಡಬೇಡಿ," ಎಂದಿದ್ದೆ ಅವತ್ತು. "ಚಕ್ರ ಗಾಳೀಲಿ ತೂಗಾಡ್ತಿರುವಾಗ ಬಿಗಿ ಮಾಡಿದ್ರೆ, ಕೆಳಗಿಳಿಸಿದ ಕೂಡ್ಲೇ ಬುಷ್ ರಬ್ಬರ್ ತಿರುಚಿಕೊಳ್ಳುತ್ತೆ. ಎರಡು ವಾರದಲ್ಲಿ ಹರಿದು ಕೂಗೋಕೆ ಶುರು. ಗಾಡಿ ನೆಲಕ್ಕೆ ಕೂತು ತನ್ನ ಭಾರ ತಾನು ಹೊತ್ಕೋಬೇಕು, ಆಮೇಲೆ ಬಿಗಿ."

"ಹೊಸಬರೆಲ್ಲ ಎಡವೋದು ಇಲ್ಲೇನಾ?"

"ಇಲ್ಲೇ."

ಅವನು ನಟ್ ನೋಡುವುದು ಬಿಟ್ಟು ನನ್ನ ಕೆನ್ನೆ ನೋಡುತ್ತಿದ್ದ. "ಅಲ್ಲಿ ಗ್ರೀಸ್ ಇದೆ," ಎಂದ.

"ಇರ್ಲಿ ಬಿಡಿ, ನಾನು ಹುಟ್ಟಿದಾಗಿಂದ ಇದೆ."

ಅವನು ನಕ್ಕ. ಕಣ್ಣಿನ ಅಂಚಿನಲ್ಲಿ ಮೂರು ಗೆರೆ ಮೂಡಿದವು. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತರೆ ಆ ಗ್ರೀಸನ್ನು ಒರೆಸಲು ಮನಸ್ಸೇ ಬರಲಿಲ್ಲ. ನಲವತ್ತು ದಾಟಿದವಳು ನಾನು. ಯಾರಿಗಾದರೂ ಹೇಳಿಕೊಂಡರೆ ನಗೆಪಾಟಲು.

ಕೆಲಸ ಮುಗಿದು ಎರಡೇ ವಾರಕ್ಕೆ ಗಾಡಿ ವಾಪಸ್ ಬಂತು. ಎಡಗಡೆ ಬುಷ್ ತಿರುಚಿ ಹರಿದಿತ್ತು, ಹೊಸಬರ ಕೈಯಲ್ಲಿ ಹರಿಯುವಂತೆಯೇ. ಅವನ ಜೊತೆ ಹರಟುತ್ತ ಚಕ್ರ ಮೇಲಿದ್ದಾಗಲೇ ಬಿಗಿ ಮಾಡಿಬಿಟ್ಟೆನೇನೋ ಎಂದುಕೊಂಡು ಬೇರೆ ಹಾಕಿದೆ. ಅಕ್ಟೋಬರ್ ನಡುವೆ ಮತ್ತೆ ಬಂತು. ಹರಿದದ್ದು ಅದೇ ಬುಷ್. ಹೊಸ ಬುಷ್ ಹಾಕಿ, ಗಾಡಿ ಇಳಿಸಿ, ಬಿಗಿ ಮಾಡಿ, ನಟ್ ಮತ್ತು ಬೋಲ್ಟ್ ಎರಡರ ಮೇಲೂ ಸೇರುವಂತೆ ಹಳದಿ ಬಣ್ಣದ ಒಂದು ಗೆರೆ ಎಳೆದೆ. ನಟ್ ಅಲುಗಿದರೆ ಗೆರೆ ತುಂಡಾಗಬೇಕು. ನನ್ನನ್ನು ನಾನೇ ನಂಬದೆ ಎಳೆದ ಗೆರೆ ಅದು. ನಂಬಿಕೆ ಹೋದ ಕೈಯಲ್ಲಿ ಜನರ ಸ್ಟೀರಿಂಗ್ ಮುಟ್ಟುವುದು ಪಾಪ. ಹೆದ್ದಾರಿಯ ಟಯರ್ ಅಂಗಡಿಗೆ ಫೋನ್ ಮಾಡಿ ಕೆಲಸ ಕೇಳಿದೆ. ನವೆಂಬರ್ ಮೊದಲ ಸೋಮವಾರ ಬಾ ಎಂದರು.

ಆ ಸೋಮವಾರಕ್ಕೆ ಈಗ ಎರಡೇ ದಿನ ಉಳಿದಿತ್ತು. ಇಂಪಾಲವನ್ನು ಗ್ಯಾರೇಜಿನ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು ಟಾರ್ಚ್ ಹಾಕಿದೆ.

ಹಳದಿ ಗೆರೆ ತುಂಡಾಗಿತ್ತು. ಅರ್ಧ ಬೋಲ್ಟಿನ ಮೇಲೆ, ಇನ್ನರ್ಧ ನಟ್ಟಿನ ಜೊತೆ ಎತ್ತಲೋ ತಿರುಗಿ ನಿಂತಿತ್ತು. ನಟ್ಟಿನ ಅಂಚಿನಲ್ಲಿ ಸ್ಪ್ಯಾನರ್ ಜಾರಿದ ಹೊಸ ಗೀರು. ನನ್ನ ಸ್ಪ್ಯಾನರ್ ಜಾರುವುದಿಲ್ಲ. ಈ ನಟ್ಟಿನ ಗುಟ್ಟು ನಾನು ಹೇಳಿಕೊಟ್ಟದ್ದು ಒಬ್ಬನಿಗೇ.

ನನ್ನ ಕೈ ಕೆಟ್ಟಿರಲಿಲ್ಲ. ಅಷ್ಟು ಗೊತ್ತಾದದ್ದೇ ಅಳು ಬಂತು. ಅದರ ಬೆನ್ನಿಗೇ ಸಿಟ್ಟು ಬಂತು. ಆದರೂ ಬೈಯಲಿಲ್ಲ, ಅವನ ಬಾಯಿಂದಲೇ ಬರಲಿ ಎಂದು ಕಾದೆ.

"ಲೈಲ್," ಎಂದೆ ಕೆಳಗಿನಿಂದಲೇ, "ಇದೇ ಕೊನೆ ಗಾಡಿ. ಸೋಮವಾರದಿಂದ ಟಯರ್ ಅಂಗಡಿಗೆ ಹೋಗ್ತಿದ್ದೀನಿ. ಗ್ಯಾರೇಜ್ ಮುಚ್ತೀನಿ."

"ಯಾಕೆ?"

"ಮೂರು ಸಲ ತಪ್ಪು ಮಾಡಿದ ಕೈ ಇದು."

ಮೇಲೆ ಕಾಗದದ ಚೀಲ ಸರಸರ ಎಂದಿತು. ಅವನು ಎಲ್ಲೋ ಕೂತಿರಬೇಕು. ಈಗ ಸುಮ್ಮನೆ ಎದ್ದು ಹೋದರೆ ಇವನನ್ನು ನನ್ನ ಆಯುಸ್ಸಿನಲ್ಲಿ ಮತ್ತೆ ನೋಡುವುದಿಲ್ಲ ಎಂದು ನಿಶ್ಚಯಿಸಿದೆ. ನಿಶ್ಚಯಿಸುವಾಗಲೇ ಹೋಗಬೇಡ, ಹೋಗಬೇಡ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

"ಬರ್ನಿ, ಅಲ್ಲೇ ಇರಿ. ಮುಖ ನೋಡಿದ್ರೆ ಹೇಳೋಕಾಗಲ್ಲ. ಅದು ನಿಮ್ಮ ಕೈಯಲ್ಲ, ನಂದು. ಮನೇಲಿ ಜಾಕ್ ಕೊಟ್ಟು ಎತ್ತಿ, ನಟ್ ಸಡಿಲ ಮಾಡಿ, ಚಕ್ರ ಗಾಳೀಲಿದ್ದಾಗ್ಲೇ ಬಿಗಿ ಮಾಡ್ದೆ. ಮೂರು ಸಲಾನೂ."

"ಯಾಕೆ ಮಾಡ್ದೆ?"

"ಕಾರು ಸರಿಹೋದ್ರೆ ಇಲ್ಲಿಗೆ ಬರೋಕೆ ಏನು ಕಾರಣ ಹೇಳ್ಲಿ? ಇನ್ನೊಂದು ವಾರದಲ್ಲಿ ಹಿಮ ಬೀಳುತ್ತೆ, ಅದು ಕರಗ್ಲಿ ಅಂತ ರಸ್ತೆಗೆ ಉಪ್ಪು ಹಾಕ್ತಾರೆ. ಆಮೇಲೆ ಏಪ್ರಿಲ್‌ವರೆಗೆ ಇದನ್ನ ಹೊರಗೆ ತೆಗೆಯೋ ಹಾಗಿಲ್ಲ, ತಗಡೆಲ್ಲ ತುಕ್ಕು ಹಿಡಿಯುತ್ತೆ. ಏಪ್ರಿಲ್‌ವರೆಗೆ ನಿಮ್ಮನ್ನ ನೋಡ್ದೆ ಹೇಗಿರ್ಲಿ?"

ಮೆಟ್ಟಿಲು ಹತ್ತಿ ಅವನೆದುರು ನಿಂತೆ. "ನಾಚಿಕೆ ಆಗ್ಲಿಲ್ವಾ ನಿಂಗೆ? ನಾನು ನಿದ್ದೆ ಬಿಟ್ಟೆ. ಊರವರಿಗೆಲ್ಲ ಫೋನ್ ಮಾಡಿ ಗಾಡಿ ಸರಿಯಾಗಿದ್ಯಾ ಅಂತ ಕೇಳ್ದೆ. ನೀನು ಡೋನಟ್ ತಿನ್ನುತ್ತಾ ನಿಂತಿದ್ದೆ."

"ನಾನು ಒಂದೂ ತಿಂದಿಲ್ಲ," ಎಂದ ಸಣ್ಣ ದನಿಯಲ್ಲಿ. "ನೀವು ಬುಷ್ ಮಾಡಿದ ಕಂಪನಿಯವರನ್ನ ಬೈತೀರಿ ಅಂದ್ಕೊಂಡಿದ್ದೆ. ನಿಮ್ಮನ್ನೇ ಬೈಕೋತೀರಿ ಅಂತ ಹೊಳೀಲಿಲ್ಲ. ನಾನು ಮಾಡಿದ್ದು ಕೆಟ್ಟದ್ದು, ಬರ್ನಿ. ನೀವು ಫೋನ್ ಮಾಡಿದ ಮನೆಗೆಲ್ಲ ಹೋಗಿ ನಂದೇ ತಪ್ಪು ಅಂತ ಹೇಳ್ತೀನಿ."

"ಹೇಳ್ಬೇಕು. ಒಂದು ಮನೇನೂ ಬಿಡದೆ."

ಅವನ ಎದುರಿಗೇ ಟಯರ್ ಅಂಗಡಿಗೆ ಫೋನ್ ಮಾಡಿ, ಬರುವುದಿಲ್ಲ ಎಂದೆ. ಹೊಸ ಬುಷ್ ತಂದು ಅವನ ಮಡಿಲಿಗೆ ಹಾಕಿದೆ. ಎಲ್ಲ ಅವನೇ ಬಿಚ್ಚಿದ, ಅವನೇ ಹಾಕಿದ. ಸುಮ್ಮನೆ ನೋಡುತ್ತ ನಿಂತದ್ದು ಈ ಸಲ ನಾನು. ಎರಡು ಗೆಣ್ಣು ತರಚಿಕೊಂಡ, ಕನಿಕರ ಬಂದರೂ ತೋರಿಸಲಿಲ್ಲ. ಕಡೆಗೆ ಗಾಡಿ ನೆಲಕ್ಕಿಳಿಯಿತು. ಅವನು ಬಿಗಿ ಮಾಡಲು ಗುಂಡಿಗಿಳಿದ, ನಾನು ತೂಕಕ್ಕೆಂದು ಸ್ಟೀರಿಂಗ್ ಮುಂದೆ ಕೂತೆ.

"ಬಿಗಿ ಆಯ್ತು," ಎಂದು ಕೆಳಗಿನಿಂದ ಕೂಗಿದ. "ಇನ್ನು ಸದ್ದು ಬರಲ್ಲ." ಸಾವಿನ ಮನೆಯಲ್ಲಿ ಮಾತಾಡಿದ ಹಾಗಿತ್ತು ಆ ದನಿ.

ಮುಖ ಕಾಣದಿದ್ದರೆ ಹೇಳುವುದು ನಿಜಕ್ಕೂ ಸುಲಭ. "ಮುಂದಿನ ಶನಿವಾರ ಬಾ," ಎಂದೆ.

"ಕಾರು ಷೆಡ್ಡಿಗೆ ಹೋಗಿರುತ್ತಲ್ಲ."

"ನಿನ್ನ ಪಿಯಾನೊ ಕೆಲಸದ ವ್ಯಾನಲ್ಲಿ ಬಾ."

"ವ್ಯಾನಿಗೆ ಏನೂ ಆಗಿಲ್ಲ. ಏನಂತ ಬರ್ಲಿ?"

"ಬರ್ನೀನ ನೋಡೋಕೆ ಬಂದೆ ಅನ್ನು. ಅಷ್ಟು ಹೇಳೋಕೆ ನನ್ನ ಮೂರು ಬುಷ್ ಹಾಳು ಮಾಡ್ಬೇಕಿತ್ತಾ?"

ಸ್ಪ್ಯಾನರನ್ನು ನೆಲದ ಮೇಲಿಟ್ಟ ಸದ್ದು ಕೇಳಿತು. ಆಮೇಲೆ, ತೀರಾ ಮೆಲ್ಲಗೆ, "ಬರ್ನೀನ ನೋಡೋಕೆ ಬಂದೆ."

"ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು," ಎಂದೆ. ಚೆನ್ನಾಗಿಯೇ ಕೇಳಿಸಿತ್ತು.